ಮುಷ್ಕರ ಮುರಿದವನ ಕಥೆ ಅಚ್ಚಾಗಬೇಕೇ?

ನಮ್ಮ ಪತ್ರಿಕೆಯ ವಿಶೇಷ ಸಂಚಿಕೆಗೆ ಬಂದ ಒಂದು ಕಥೆಯ ಸಂಬಂಧ ಕಳೆದ ಸಮಿತಿ ಸಭೆಯಲ್ಲಿ ಬಿಸಿಬಿಸಿ ಚರ್ಚೆ ನಡೆದುದನ್ನು ಬಂಧುಗಳಲ್ಲಿ ಅನೇಕರು ಕೇಳಿರಬಹುದು. ಬರೆದವನು ಹೋಟೆಲಿನಲ್ಲಿ ದುಡಿಯುವ ತರುಣ. ಕಥೆ 1982ರ ಗಿರಣಿ ಮುಷ್ಕರದ್ದು. ಆ ವರ್ಷದ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ದತ್ತಾ ಸಾಮಂತರ ಮುಂದಾಳುತನದಲ್ಲಿ ಕೆಲಸ ನಿಲ್ಲಿಸಿದರು. ಮುಷ್ಕರ ವರ್ಷ ದಾಟಿತು. ಸಾವಿರಾರು ಮಂದಿಗೆ ಮತ್ತೆ ಕೆಲಸ ಸಿಗಲೇ ಇಲ್ಲ. ಆದರೆ ಈ ಕಥೆಯ ನಾಯಕ ಮುಷ್ಕರದಲ್ಲಿ ಕೊನೆಯವರೆಗೆ ನಿಂತವನಲ್ಲ. ಹತ್ತನೆಯ ತಿಂಗಳಿನಲ್ಲಿ, ಒಂದು ದಿನ ನಸುಕಿನಲ್ಲೇ ಎದ್ದು, ತಲೆಗೆ ಮಫ್ಲರು ಸುತ್ತಿಕೊಂಡು ಗಿರಣಿಯೊಳಕ್ಕೆ ಹೋದವನು.

"ಇಂಥವನ ಕಥೆಯನ್ನು ಕಾರ್ಮಿಕರ ಪತ್ರಿಕೆಯಲ್ಲಿ ಹಾಕುವುದೇ?" ಎಂದು ಮೊದಲು ಎದ್ದು ಕೇಳಿದವರು ನಾವೇ. ಮುಚ್ಚಿಡುವುದೇಕೆ? ಸಂಘದ ಕೆಲಸ ಮಾಡುವವರಿಗೆ ಒಡಕು ಎಂದರೇನೆಂಬುದು ಗೊತ್ತು. ವಾರಕ್ಕೊಂದು ರಜೆ ಬೇಕೆಂದು ಹನ್ನೆರಡು ಮಂದಿ ಒಟ್ಟಾಗಿ ನಿಂತಾಗ, ಒಬ್ಬ ಹಿಂಬಾಗಿಲಿನಿಂದ ಹೋಗಿ ಸಾಹುಕಾರರ ಮುಂದೆ ಕೈಕಟ್ಟಿ ನಿಂತರೆ ಉಳಿದ ಹನ್ನೊಂದು ಮಂದಿಯ ಗತಿ ಏನಾಗುತ್ತದೆಂದು ಕಣ್ಣಾರೆ ಕಂಡವರು ನಾವು.

ಆದರೂ ಕಥೆಯನ್ನು ಮನೆಗೆ ಒಯ್ದು ಎರಡು ಸಲ ಓದಿದ ಮೇಲೆ ನಮ್ಮ ಅಭಿಪ್ರಾಯ ಬದಲಾಗಿದೆ. ಅದರ ಕಾರಣ ಹೇಳಬೇಕಾದರೆ ನಮ್ಮದೇ ಒಂದು ಹಳೆಯ ಕಥೆಯ ಪಾಡನ್ನು ಹೇಳಬೇಕು.

ಹೋಟೆಲಿನಲ್ಲಿದ್ದಾಗ ನಾವೂ ಒಂದು ಕಥೆ ಬರೆದಿದ್ದೆವು. ಅದರಲ್ಲಿ ಸಾಹುಕಾರ ಗುಡಾಣದಂಥ ಹೊಟ್ಟೆಯವನು, ಬಾಯಿ ತೆರೆದರೆ ಬೈಗಳು. ಮಾಣಿ ಮಾತ್ರ ಅಪರಂಜಿ. ರಾತ್ರಿ ಬಾಗಿಲು ಹಾಕಿ, ಮೇಜುಗಳನ್ನು ಜೋಡಿಸಿ ಹಾಸಿಗೆ ಬಿಡಿಸಿದ ಮೇಲೆ ಸಂಗಡಿಗರಿಗೆ ಓದಿ ಹೇಳಿದೆವು. ಹುಡುಗರು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಮಲಗಿದ್ದ ಅಡಿಗೆಯ ಭಟ್ಟರು ಎದ್ದು ಕುಳಿತು, "ಅಲ್ಲ ಮಾರಾಯ, ನಿನ್ನ ಸಾಹುಕಾರ ಬರೇ ಬೈಯುತ್ತಾನಲ್ಲ! ನಮ್ಮವರು ಎಂದಾದರೂ ಬೈದದ್ದುಂಟೋ? 'ಮಗಾ' ಎಂದು ಕರೆದೇ ಹದಿನಾಲ್ಕು ಗಂಟೆ ದುಡಿಸುತ್ತಾರೆ" ಎಂದರು. ನಮಗೆ ಆಗ ಸಿಟ್ಟು ಬಂತು. ಸಂಘಕ್ಕೆ ಬಂದ ಮೇಲೆ ತಿಳಿಯಿತು: ಬೈಯುವ ಯಜಮಾನನ ಎದುರು ಹುಡುಗರನ್ನು ನಿಲ್ಲಿಸುವುದು ಸುಲಭ; 'ಮಗಾ' ಎನ್ನುವವನ ಎದುರು ನಿಲ್ಲಿಸುವುದೇ ಕಷ್ಟ. ಕಷ್ಟವಾದುದನ್ನು ಬಿಟ್ಟು ಸುಲಭವಾದುದನ್ನು ಬರೆದಿದ್ದೆವು.

ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಬಂದ ಕಾದಂಬರಿ. ಚೋಮನಿಗೆ ಬೇಸಾಯಕ್ಕೆ ತುಂಡು ನೆಲ ಬೇಕು. ಧಣಿ ಸಂಕಪ್ಪಯ್ಯನನ್ನು ಕಾರಂತರು ರಾಕ್ಷಸನನ್ನಾಗಿ ಮಾಡಲಿಲ್ಲ. ಅವನಿಗೆ ಕೊಡುವ ಮನಸ್ಸೂ ಇದೆ. ಆದರೆ ತಾಯಿ ಒಪ್ಪುವುದಿಲ್ಲ, ಹಿಂದಿನಿಂದ ಬಂದ ಕಟ್ಟಳೆ ಬಿಡುವುದಿಲ್ಲ. ಒಳ್ಳೆಯ ಧಣಿ ಇದ್ದೂ ಚೋಮನಿಗೆ ನೆಲ ಸಿಗಲಿಲ್ಲವಲ್ಲ ಎಂದು ನಮ್ಮ ಹೊಟ್ಟೆ ಉರಿಯುತ್ತದೆ. ಧಣಿ ಕೆಟ್ಟವನಾಗಿದ್ದರೆ ಅವನೊಬ್ಬನನ್ನು ಬೈದು ಪುಸ್ತಕ ಮುಚ್ಚಿಬಿಡುತ್ತಿದ್ದೆವು.

ಪದ್ಯದ ವಿಷಯವೂ ಬೇರೆಯಲ್ಲ. ಮೋರಿಯ ಮುಂದೆ ಕುಳಿತು, ಸೋಡಾ ನೀರಿನಲ್ಲಿ ಬೆರಳ ಸಂದು ಬೆಳ್ಳಗಾದವನು ನಮಗೆ ತಾವರೆಯ ಮೇಲೆ ಪದ್ಯ ಕಳಿಸುತ್ತಾನೆ. ತಾವರೆ ಬೇಡವೆಂದರೆ ಮುಂದಿನ ತಿಂಗಳು ಕ್ರಾಂತಿಯ ಕೆಂಪು ಸೂರ್ಯ ಬರುತ್ತಾನೆ! ಎರಡೂ ಎರವಲು. ಮರಾಠಿ ಕವಿ ನಾರಾಯಣ ಸುರ್ವೆಯವರನ್ನು ನೋಡಿರಿ. ಹೆತ್ತವರು ಬಿಟ್ಟುಹೋದ ಕೂಸನ್ನು ಗಿರಣಿ ಕಾರ್ಮಿಕರೊಬ್ಬರು ಸಾಕಿದರು. ಹೋಟೆಲಿನಲ್ಲಿ ಪಾತ್ರೆ ತೊಳೆದರು, ಗಿರಣಿಯಲ್ಲಿ ದುಡಿದರು. 1966ರ ತಮ್ಮ ಕವನಸಂಗ್ರಹಕ್ಕೆ 'ಮಾಝೆ ವಿದ್ಯಾಪೀಠ', ಅಂದರೆ ನನ್ನ ವಿಶ್ವವಿದ್ಯಾಲಯ, ಎಂದು ಹೆಸರಿಟ್ಟರು. ಅವರ ವಿದ್ಯಾಪೀಠ ಈ ಊರಿನ ಬೀದಿಯೇ. ಕನ್ನಡದಲ್ಲಿ ಇದು ಆಗದೆಂದೂ ಹೇಳುವಂತಿಲ್ಲ. ಮುಂಬಯಿಯ ಕಾರ್ಮಿಕರ ಹೋರಾಟವನ್ನು ಕುರಿತ ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಇನ್ನು ಆ ತರುಣನ ಕಥೆ. ಅದರಲ್ಲಿ ದೋಷಗಳಿವೆ. ಬಡತನ, ಬಡತನ ಎಂದು ಆರು ಕಡೆ ಬರೆದಿದ್ದಾನೆ. ಮನೆಯಲ್ಲಿ ಯಾವ ಪಾತ್ರೆ ಮೊದಲು ಅಡವಿಗೆ ಹೋಯಿತೆಂದು ಒಂದು ಕಡೆ ಬರೆದಿದ್ದರೆ ಸಾಕಿತ್ತು. ಕೊನೆಯ ಪುಟದಲ್ಲಿ ನಾಯಕನಿಂದ ಭಾಷಣ ಮಾಡಿಸಿದ್ದಾನೆ. ಭಾಷಣಕ್ಕೆ ನಾವಿದ್ದೇವೆ, ಅದನ್ನು ತೆಗೆಯಲಿ. ಆದರೆ ನಡುವೆ ಒಂದು ಮಾತಿದೆ. ಗಿರಣಿಗೆ ಹೋದ ಆ ದಿನ ಅವನು ಊಟದ ಡಬ್ಬಿ ಒಯ್ಯಲಿಲ್ಲ. ಕೈಯಲ್ಲಿ ಡಬ್ಬಿ ಕಂಡರೆ ಚಾಳಿನವರಿಗೆ ತಿಳಿದುಬಿಡುತ್ತದೆ. ಹಾಗಾಗಿ ದಿನವಿಡೀ ಉಪವಾಸವಿದ್ದು ಮಗ್ಗ ನಡೆಸಿದ. ಅನ್ನಕ್ಕಾಗಿ ಒಳಗೆ ಹೋದವನು ಉಪವಾಸ!

ಕರಪತ್ರದಲ್ಲಿ ನಾವು ಇದನ್ನು ಬರೆಯಲಾರೆವು, ಬರೆಯಲೂ ಬಾರದು. ಮುಷ್ಕರದ ಹೊತ್ತಿನಲ್ಲಿ ಒಳಗೆ ಹೋದುದು ತಪ್ಪೆಂದು ನಾಳೆಯೂ ಸಭೆಯಲ್ಲಿ ಹೇಳುತ್ತೇವೆ. ಆದರೆ ಅವನು ಏಕೆ ಹೋದನೆಂಬುದು ತಿಳಿಯದೆ, ಮುಂದಿನ ಸಲ ಹೋಗಹೊರಟವನನ್ನು ತಡೆಯುವ ಬಗೆ ಹೇಗೆ?

ಸಭೆಯಲ್ಲಿ ಆ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಹಿರಿಯರೊಬ್ಬರಿದ್ದರು. ಡಬ್ಬಿಯ ಮಾತು ಬಂದಾಗ ಅವರು, "ಅದನ್ನು ಇನ್ನೊಮ್ಮೆ ಓದು ತಮ್ಮಾ" ಎಂದರು. ಓದಿ ಮುಗಿದ ಮೇಲೆ ಪರವಾಗಿಯೂ ಹೇಳಲಿಲ್ಲ, ವಿರೋಧವಾಗಿಯೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದರು. ಭಾನುವಾರದ ಸಭೆಗೆ ಅವರೂ ಬರಬೇಕೆಂದು ಕೇಳಿಕೊಂಡಿದ್ದೇವೆ. ಕೈ ಎತ್ತುವ ಹೊತ್ತಿಗೆ ನಮ್ಮ ಕೈ ಕಥೆ ಅಚ್ಚಾಗಲೆಂಬ ಕಡೆಗೇ ಇರುತ್ತದೆ.