ಆರಕ್ಕೆ ಮೂರು ಸಾಕು ಅಂದ ಟರ್ಬೋ

ಟರ್ಬೋ ಅಂದ ಕೂಡಲೇ ನಮ್ಮ ಹುಡುಗರಿಗೆ ನೆನಪಾಗೋದು ರೇಸು. ಸ್ವೀಡನ್ನಿನ ಸಾಬ್ ಕಂಪನಿಯವರ ಯೋಚನೆ ಬೇರೆ ಇತ್ತು. 1997ರಲ್ಲಿ ಬಂದ ಅವರ 9-5 ಸೆಡಾನನ್ನೇ ನೋಡಿ. ಯಾವ ಪೆಟ್ರೋಲ್ ಇಂಜಿನ್ ತಗೊಂಡರೂ ಟರ್ಬೋ ಇದ್ದೇ ಇತ್ತು.

ಅದರ 3 ಲೀಟರಿನ ವಿ6 ಇಂಜಿನ್ನಿನದಂತೂ ತಮಾಷೆಯ ಲೆಕ್ಕ. ಸಿಲಿಂಡರು ಆರು, ಟರ್ಬೋ ಒಂದೇ. ಅದನ್ನು ತಿರುಗಿಸೋದು ಒಂದು ಸಾಲಿನ ಮೂರು ಸಿಲಿಂಡರುಗಳ ಹೊಗೆ. ಅದು ತಳ್ಳುವ ಗಾಳಿ ಹೋಗೋದು ಆರಕ್ಕೂ! ಇಷ್ಟೆಲ್ಲಾ ಮಾಡಿ ಸಿಕ್ಕಿದ್ದು 200 ಅಶ್ವಶಕ್ತಿ. ಇನ್ನೂ ಹಿಂಡಬಹುದಿತ್ತು, ಹಿಂಡಲಿಲ್ಲ. ಲಾರಿ ಹಿಂದೆ ಹಾಕುವಾಗ ಇಂಜಿನ್ ಕಿರುಚದೆ, ಕಡಿಮೆ ಸುತ್ತಿನಲ್ಲೇ ಎಳೆಯಬೇಕು, ಅಷ್ಟೇ ಅವರಿಗೆ ಬೇಕಿದ್ದದ್ದು. ನನಗೆ ಇದೇ ನಿಜವಾದ ಇಂಜಿನಿಯರಿಂಗ್ ಅನಿಸುತ್ತೆ.

ಸೀಟೂ ಹಾಗೇ. ಹಿಂದಿನಿಂದ ಯಾರಾದರೂ ಗುದ್ದಿದರೆ, ಕೂತವರ ಬೆನ್ನು ಒತ್ತಿದ ಭಾರಕ್ಕೇ ತಲೆದಿಂಬು ಮೇಲೆದ್ದು ಮುಂದೆ ಬಂದು ಕತ್ತು ಕಾಯುತ್ತಿತ್ತು. ಸೆನ್ಸರ್ ಇಲ್ಲ, ವೈರಿಲ್ಲ, ಬರೀ ಸನ್ನೆಗೋಲು.

2011ರ ಡಿಸೆಂಬರಿನಲ್ಲಿ ಸಾಬ್ ಕಾರು ಕಂಪನಿ ದಿವಾಳಿಯಾಯ್ತು. ಇವತ್ತು ನಮ್ಮಲ್ಲಿ ಒಂದು ಲೀಟರಿನ ಪುಟ್ಟ ಕಾರಿಗೂ ಟರ್ಬೋ ಇದೆ. ಆದರೆ ಎಲ್ಲರೂ ಕೇಳೋದು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅಂತ. ಮನೆಮಂದಿಯನ್ನೆಲ್ಲಾ ತುಂಬಿಕೊಂಡು ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯುತ್ತಾ ಅಂತ ಕೇಳಿ ಸ್ವಾಮಿ...