ಉಸಿರಿನ ಯಂತ್ರ: ಕೊಳ್ಳುವ ಮೊದಲು ಅಳೆಯಬೇಕು

ಕಟ್ಟಿಗೆ ಒಲೆಯ ಹೊಗೆಯಲ್ಲಿ ಬಾಳಿನ ಬಹುಭಾಗವನ್ನು ಕಳೆದ ತಾಯಂದಿರಿಗೆ ಇಳಿವಯಸ್ಸಿನಲ್ಲಿ ಶ್ವಾಸಕೋಶದ ಕಾಯಿಲೆ ಬರುವುದು ಅಪರೂಪವಲ್ಲ. ನನ್ನ ತಾಯಿಯವರಿಗೂ ಹಾಗೆಯೇ ಆಯಿತು. ಮನೆಯಲ್ಲಿ ಆಮ್ಲಜನಕದ ವ್ಯವಸ್ಥೆ ಮಾಡಿಕೊಳ್ಳಬೇಕೆಂದು ವೈದ್ಯರು ತಿಳಿಸಿದಾಗ, ಹೆಗಲಿಗೆ ತೂಗುಹಾಕಬಹುದಾದ ಚಿಕ್ಕ ಯಂತ್ರವೊಂದನ್ನು ಅವಸರದಲ್ಲಿ ಕೊಂಡು ತಂದೆವು. ಹಗಲಿನಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ರಾತ್ರಿ ಅವರು ನಿದ್ರೆಯಲ್ಲಿದ್ದಾಗ ಬೆರಳಿಗೆ ಹಾಕಿದ ಆಕ್ಸಿಮೀಟರ್ 84 ಎಂದು ತೋರಿಸಿತು. ತಪ್ಪು ಯಂತ್ರದ್ದಾಗಿರಲಿಲ್ಲ, ವಿಚಾರಿಸದೆ ಕೊಂಡ ನಮ್ಮದಾಗಿತ್ತು.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವಿರುವುದು ಶೇ. 21ರಷ್ಟು ಮಾತ್ರ, ಉಳಿದುದರಲ್ಲಿ ಬಹುಪಾಲು ಸಾರಜನಕ. ಆಕ್ಸಿಜನ್ ಕಾನ್ಸನ್‌ಟ್ರೇಟರ್ ಯಂತ್ರವು ಜಿಯೋಲೈಟ್ ಎಂಬ ವಸ್ತುವಿನಿಂದ ಸಾರಜನಕವನ್ನು ಹಿಡಿದಿಟ್ಟು, ಸುಮಾರು ಶೇ. 90ರಿಂದ 95ರಷ್ಟು ಆಮ್ಲಜನಕವನ್ನು ಕೊಡುತ್ತದೆ. ಮನೆಯಲ್ಲಿ ಒಂದೆಡೆ ಇಡುವ ದೊಡ್ಡ ಯಂತ್ರ ಅದನ್ನು ನಿಮಿಷಕ್ಕೆ 5 ಅಥವಾ 10 ಲೀಟರ್‌ವರೆಗೆ ಎಡೆಬಿಡದೆ ಹರಿಸಬಲ್ಲದು. ಒಯ್ಯಬಹುದಾದ ಚಿಕ್ಕ ಯಂತ್ರಗಳಲ್ಲಿ ಹೆಚ್ಚಿನವು ರೋಗಿಯು ಉಸಿರನ್ನು ಒಳಗೆಳೆದಾಗ ಮಾತ್ರ ಅಷ್ಟಷ್ಟೇ ಬಿಡುತ್ತವೆ. ಅವುಗಳ ಮೇಲಿರುವ 2, 3 ಎಂಬ ಅಂಕಿಗಳು ಲೀಟರಿನ ಲೆಕ್ಕವಲ್ಲ. ನಿದ್ರೆಯಲ್ಲಿ ಉಸಿರು ಮೆಲ್ಲಗಾದಾಗ, ಬಾಯಿಯಿಂದ ಉಸಿರಾಡಿದಾಗ, ಯಂತ್ರವು ಅದನ್ನು ಗುರುತಿಸದೆ ಹೋಗಬಹುದು.

ಆದುದರಿಂದ ‘ಯಾವ ಯಂತ್ರ?’ ಎಂಬುದು ಎರಡನೆಯ ಪ್ರಶ್ನೆ. ‘ಎಷ್ಟು ಆಮ್ಲಜನಕ, ಯಾವಾಗ ಬೇಕು?’ ಎಂಬುದೇ ಮೊದಲನೆಯದು. ಕುಳಿತಾಗ, ನಡೆದಾಗ, ಮಲಗಿದಾಗ ಎಂದು ಮೂರು ಸ್ಥಿತಿಗಳಿಗೂ ವೈದ್ಯರಿಂದ ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಕಾಯಿಲೆ ಹತೋಟಿಯಲ್ಲಿದ್ದಾಗಲೂ ರಕ್ತದಲ್ಲಿ ಆಮ್ಲಜನಕವು ಶೇ. 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ ಸಾಮಾನ್ಯವಾಗಿ ದಿನಕ್ಕೆ 15 ಗಂಟೆಗೂ ಹೆಚ್ಚು ಕಾಲ ಇದನ್ನು ಕೊಡಲು ಸೂಚಿಸುತ್ತಾರೆ. ಅಂಥವರಿಗೆ ಮನೆಯಲ್ಲಿ ದೊಡ್ಡ ಯಂತ್ರವೇ ಆಧಾರ. ಚಿಕ್ಕದು ಹೊರಗೆ ಹೋಗುವಾಗಿನ ಸಂಗಾತಿ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬ ಭಾವನೆಯೂ ಸಲ್ಲದು. ಇಂಥ ಕೆಲವು ರೋಗಿಗಳಲ್ಲಿ ಅತಿಯಾದ ಆಮ್ಲಜನಕದಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುವುದುಂಟು.

ಯಂತ್ರವನ್ನು ಮೊದಲು ಬಾಡಿಗೆಗೆ ತಂದು, ಹಿರಿಯರನ್ನು ಅದರೊಡನೆ ನಡೆಸಿ, ಒಂದು ರಾತ್ರಿ ಮಲಗಿಸಿ, ಆಕ್ಸಿಮೀಟರ್ ನೋಡಿದ ಬಳಿಕವೇ ಕೊಳ್ಳುವುದು ವಿವೇಕ. ಹೀಗೆ ಪರೀಕ್ಷಿಸಲು ಒಪ್ಪದ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು. ವಿದ್ಯುತ್ ಕೈಕೊಡುವ ಊರುಗಳಲ್ಲಿ ತುಂಬಿದ ಸಿಲಿಂಡರ್ ಒಂದು ಜೊತೆಗಿರಲೇಬೇಕು. ಅಂಗಡಿಯ ಚಿಕ್ಕ ಆಕ್ಸಿಜನ್ ಡಬ್ಬಿಗಳು ಕೆಲವೇ ನಿಮಿಷಗಳಲ್ಲಿ ಬರಿದಾಗುತ್ತವೆ, ಅವನ್ನು ನಂಬಬಾರದು. ಆಮ್ಲಜನಕವಿದ್ದಲ್ಲಿ ಬೆಂಕಿ ಬಲು ಬೇಗ ಹಬ್ಬುತ್ತದೆ. ಬೀಡಿ, ಒಲೆ ಮಾತ್ರವಲ್ಲ, ಪೂಜೆಯ ದೀಪ, ಕರ್ಪೂರ, ಲೋಬಾನಗಳನ್ನೂ ದೂರವಿಡಬೇಕು. ಮೂಗಿನ ನಳಿಕೆ ಹಾಕಿಕೊಂಡೇ ಆರತಿ ಬೆಳಗುವ ತಾಯಂದಿರಿಗೆ ಇದನ್ನು ಮೃದುವಾಗಿ, ಆದರೆ ತಪ್ಪದೆ ತಿಳಿಸಬೇಕು.

2021ರ ಕೋವಿಡ್ ಎರಡನೆಯ ಅಲೆಯ ಕಾಲದಲ್ಲಿ ಅನೇಕ ಕುಟುಂಬಗಳೂ ಸಂಘಗಳೂ ಈ ಯಂತ್ರಗಳನ್ನು ಕೊಂಡವು. ಅವುಗಳಲ್ಲಿ ಎಷ್ಟೋ ಇಂದು ಮೂಲೆ ಸೇರಿವೆ. ಊರಿಗೊಂದು ಕಡೆ ಅವನ್ನು ಒಟ್ಟುಗೂಡಿಸಿ, ಆಮ್ಲಜನಕದ ಶುದ್ಧತೆಯನ್ನು ಪರೀಕ್ಷಿಸಿ, ಶೋಧಕಗಳನ್ನು ಬದಲಿಸಿ, ಬೇಕಾದವರಿಗೆ ಎರವಲು ಕೊಡುವ ವ್ಯವಸ್ಥೆ ಏಕಾಗಬಾರದು? ಒಂದು ಮನೆಯಲ್ಲಿ ಧೂಳು ತಿನ್ನುವ ಯಂತ್ರ ಪಕ್ಕದ ಮನೆಯವರ ಸಾಲವನ್ನು ತಪ್ಪಿಸೀತು.

ನಾವು ದೊಡ್ಡ ಯಂತ್ರವನ್ನು ಎರವಲು ತಂದೆವು. ಚಿಕ್ಕದನ್ನು ಹೆಗಲಿಗೇರಿಸಿ ತಾಯಿಯವರು ಈಗ ಸಂಜೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾರೆ. ನಳಿಕೆ ಕಂಡು ನೆರೆಯವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಅವರಿಗೆ ಮೊದಲಿತ್ತು. ಕನ್ನಡಕದಂತೆ, ಊರುಗೋಲಿನಂತೆ, ಇದೂ ಒಂದು ಆಸರೆಯೆಂದು ಅವರೇ ಈಗ ನೆರೆಯವರಿಗೆ ಹೇಳುತ್ತಾರೆ.