ಮತಯಾಚನೆಗೆ ಹೊರಡುವ ಮಕ್ಕಳಿಗೆ

ಚುನಾವಣೆ ಘೋಷಣೆಯಾಯಿತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಓಣಿಗಳಲ್ಲಿ ಕರಪತ್ರ ಹಿಡಿದ ತರುಣರ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಇವರಲ್ಲಿ ದಿನಗೂಲಿಗೆ ಬಂದವರು ಕೆಲವರು, ಅಭ್ಯರ್ಥಿಯ ಮೇಲಿನ ವಿಶ್ವಾಸದಿಂದ ತಾವಾಗಿಯೇ ಬಂದವರು ಕೆಲವರು. ಎರಡನೆಯ ಬಗೆಯವರನ್ನು ಕುರಿತೇ ಈ ಸಲದ ಮಾತು. ಕಾಲೇಜು ಓದುವ ಮಗನೋ ಮಗಳೋ ತಾನೂ ಪ್ರಚಾರಕ್ಕೆ ಹೋಗುವುದಾಗಿ ಹೇಳಿದಾಗ ತಂದೆ-ತಾಯಿಗಳು ಹಿಂದೆಗೆಯುವುದು ಸಹಜ. ರಾಜಕೀಯವೆಂದರೆ ಹೊಲಸು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಆದರೂ ಕಳುಹಿಸಿರೆಂದೇ ನಾನು ಹೇಳುವೆನು. ಹೇಗೆ ಹೋಗಬೇಕೆಂಬುದನ್ನು ಮಾತ್ರ ಮನೆಯಲ್ಲಿಯೇ ಕಲಿಸಿ ಕಳುಹಿಸಿರಿ.

ಮನೆ ಮನೆ ತಿರುಗಿದರೆ ಆಗುವುದೇನೆಂದು ಕೇಳುವವರಿಗೆ ಬಾದಾಮಿಯೇ ಉತ್ತರ. 2018ರ ವಿಧಾನಸಭಾ ಚುನಾವಣೆಯಲ್ಲಿ ಇಡೀ ನಾಡಿನ ಕಣ್ಣು ಆ ಕ್ಷೇತ್ರದ ಮೇಲಿತ್ತು. ಸಿದ್ದರಾಮಯ್ಯನವರು ಶ್ರೀರಾಮುಲು ಅವರನ್ನು ಸೋಲಿಸಿದ್ದು ಕೇವಲ 1,696 ಮತಗಳಿಂದ. ದೊಡ್ಡ ದೊಡ್ಡ ಸಭೆಗಳು ನಡೆದ ಕ್ಷೇತ್ರದ ನಿರ್ಣಯ ಕೊನೆಗೆ ಕೆಲವು ಓಣಿಗಳಷ್ಟು ಮನೆಗಳ ಕೈಯಲ್ಲಿತ್ತೆಂದರೆ ಅತಿಶಯೋಕ್ತಿಯಲ್ಲ. ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಂತೂ ಪಕ್ಷದ ಚಿಹ್ನೆಯೇ ಇರುವುದಿಲ್ಲ. ಅಲ್ಲಿ ನಡಿಗೆಯೇ ಪ್ರಚಾರ.

ಈ ಕೆಲಸದ ಮೊದಲ ಪಾಠ ಮತದಾರರ ಪಟ್ಟಿಯನ್ನು ಓದುವುದು, ಎರಡನೆಯದು ಹೊತ್ತನ್ನು ಅರಿಯುವುದು. ಹುನಗುಂದದ ಎರೆಹೊಲಗಳಲ್ಲಿ ತೊಗರಿಯ ಕೊಯ್ಲು ನಡೆದಾಗ ಹಗಲು ಹತ್ತಕ್ಕೆ ಹೋದರೆ ಬಾಗಿಲಿಗೆ ಚಿಲಕ, ಕಟ್ಟೆಯ ಮೇಲೊಬ್ಬ ಮುದುಕರು. ಬೇಸಿಗೆಯಲ್ಲಿ ಹೋದರೆ ಬೀಗವೇ ಬಿದ್ದಿರುತ್ತದೆ; ಮನೆಯವರೆಲ್ಲ ಗೋವೆಗೋ ಮಂಗಳೂರಿಗೋ ಗುಳೆ ಹೋಗಿರುತ್ತಾರೆ. ಬೀಗ ಬಿದ್ದ ಮನೆಯನ್ನು ಪಟ್ಟಿಯಲ್ಲಿ ಗೀಟು ಹಾಕಿ ಮುಂದೆ ಸಾಗುವವನು ಕೂಲಿಯ ಪ್ರಚಾರಕ. ಅವರು ಎಲ್ಲಿಗೆ ಹೋದರು, ಏತಕ್ಕೆ ಹೋದರು, ಮತದಾನಕ್ಕೆ ಬರಬಲ್ಲರೆ ಎಂದು ನೆರೆಮನೆಯಲ್ಲಿ ವಿಚಾರಿಸುವವನು ಕಾರ್ಯಕರ್ತ. ಬಾಗಲಕೋಟೆಯ ನವನಗರದ ರೀತಿ ಬೇರೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿದ ಮೇಲೆ ಕಟ್ಟಿದ ಆ ಊರಿನಲ್ಲಿ ಓಣಿಗೆ ಹೆಸರಿಗಿಂತ ಸೆಕ್ಟರ್ ಸಂಖ್ಯೆಯೇ ಹೆಚ್ಚು ಬಳಕೆಯಲ್ಲಿದೆ. ತಲೆಮಾರುಗಳ ನೆರೆಹೊರೆ ಚದುರಿದ ಕಡೆ 'ನಾನು ಇಂಥವರ ಮಗ' ಎಂಬ ಪರಿಚಯ ಬಹಳ ದೂರ ನಡೆಯದು.

ಇಳಕಲ್ಲಿನಲ್ಲಿ ನೇಕಾರರು ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕುಳಿತಿರುತ್ತಾರೆ. ಲಾಳಿ ನಿಂತಷ್ಟು ಹೊತ್ತು ಅವರಿಗೆ ನಷ್ಟ. ಅಂಥಲ್ಲಿ ಎದ್ದು ಬಂದು ಕೈಮುಗಿಯಲೆಂದು ಕಾಯಬಾರದು. ತಾವೇ ಬಾಗಿಲಲ್ಲಿ ಕೂತು, ಮಗ್ಗದ ಸದ್ದಿನ ನಡುವೆಯೇ ಎರಡು ಮಾತಾಡಿ ಏಳಬೇಕು. ಅಲ್ಲಿಯೇ ಪಕ್ಕದಲ್ಲಿ ಕಂಡಿಕೆ ಸುತ್ತುತ್ತ ಕುಳಿತ ಹೆಣ್ಣುಮಗಳೂ ಮತದಾರಳೆಂಬುದನ್ನು ಎಷ್ಟೋ ತಂಡಗಳು ಮರೆಯುತ್ತವೆ. ಯಜಮಾನರ ಕೈಗೆ ಕರಪತ್ರವಿತ್ತು 'ಮನೆಯಲ್ಲಿ ಐದು ಮತ' ಎಂದು ಬರೆದುಕೊಂಡು ಹೋಗುತ್ತಾರೆ. ಐವರ ಮತ ಒಬ್ಬರ ಜೇಬಿನಲ್ಲಿರುವುದಾದರೆ ಐದು ಚೀಟಿ ಏಕೆ ಬೇಕು?

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ, 1951-52ರಲ್ಲಿ, ಪಟ್ಟಿ ಸಿದ್ಧವಾಗುವಾಗ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರುಗಳು ಬಿಟ್ಟುಹೋದವು. ಕಾರಣವಿಷ್ಟೆ: ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಮಾತ್ರ ಬರೆಯಿಸಿದ್ದರು. ಹೆಚ್ಚಿನವರು ಉತ್ತರದ ಪ್ರಾಂತಗಳವರು, ನಿಜ. ಇಂದು ಪಟ್ಟಿಯಲ್ಲಿ ಎಲ್ಲರ ಹೆಸರಿದೆ, ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿವೆ. ಆದರೂ ಮಹಿಳಾ ಅಭ್ಯರ್ಥಿಯ ಪರವಾಗಿ ಮನೆ ಮನೆಗೆ ಗಂಡನೇ ತಿರುಗುವುದನ್ನು ನಾವು ನೋಡಿಯೇ ಇದ್ದೇವೆ. ಕಾರ್ಯಕರ್ತರ ತಂಡದಲ್ಲಿ ಹೆಣ್ಣುಮಕ್ಕಳಿರಬೇಕೆನ್ನುವುದು ಇದಕ್ಕಾಗಿಯೇ. 'ಯವ್ವಾ, ನಿಮಗೇನು ಬೇಕಾಗೇತಿ?' ಎಂದು ಅಡುಗೆಮನೆಯ ಬಾಗಿಲಿನವರೆಗೂ ಹೋಗಿ ಕೇಳಬಲ್ಲವರು ಅವರು. ಪಡಸಾಲೆಯಲ್ಲಿ ರಸ್ತೆಯ ಮಾತು ಬಂದರೆ ಒಳಗೆ ನೀರಿನ ಮಾತು ಬರುತ್ತದೆ.

ಇನ್ನು ಹೇಳಲೇಬೇಕಾದ ಮಾತೊಂದಿದೆ. ನಮ್ಮ ಮನೆಗಳ ಹೊಸ್ತಿಲಲ್ಲಿ ನಿಂತು 'ಇವರು ನಮ್ಮವರು, ನಮ್ಮ ಮತ ಒಡೆಯಬಾರದು' ಎನ್ನುವ ಮತಯಾಚನೆ ನಮಗೆಲ್ಲ ಪರಿಚಿತ. ಹೇಳುವವರೂ ನಮ್ಮವರೇ, ತಲೆದೂಗುವವರೂ ನಮ್ಮವರೇ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಕಲಮು ಜಾತಿ, ಮತ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟ ಆಚರಣೆಯೆಂದು ಎಣಿಸಿದೆ. ಅಭ್ಯರ್ಥಿಯ ಸಮ್ಮತಿಯಿಂದ ಬೇರೊಬ್ಬನು ಆಡಿದ ಮಾತೂ ಅದರಲ್ಲಿ ಸೇರುತ್ತದೆ. ಅಭ್ಯರ್ಥಿಯ ಜಾತಿ-ಮತವಷ್ಟೇ ಅಲ್ಲ, ಮತದಾರನ ಜಾತಿ-ಮತವನ್ನು ಎತ್ತಿ ಕೇಳುವುದೂ ತಪ್ಪೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು. ಕಾಯ್ದೆಯ ಮಾತು ಒತ್ತಟ್ಟಿಗಿರಲಿ, 'ನಮ್ಮವರು' ಎಂಬ ಶಬ್ದಕ್ಕೆ ಎಷ್ಟು ಅಗಲವಿರಬೇಕೆಂಬುದನ್ನು ಕೂಡಲಸಂಗಮವಿರುವ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕೆ?

ಅದಕ್ಕಿಂತ ನೋವಿನ ಸಂಗತಿ ಆಣೆಯದು. ಹಣವನ್ನೋ ಪಾತ್ರೆ-ಸೀರೆಯನ್ನೋ ಕೊಟ್ಟು, ವಿಭೂತಿಯ ಮೇಲೆ, ಭಂಡಾರದ ಮೇಲೆ ಕೈಯಿಡಿಸಿ ಮತದ ಮಾತು ತೆಗೆದುಕೊಳ್ಳುವ ರೂಢಿ ಅಲ್ಲಲ್ಲಿ ಇದೆ. ಕೊಟ್ಟವನು ಮರೆಯುತ್ತಾನೆ, ಆಣೆಯಿಟ್ಟ ಬಡ ಮುದುಕಿ ಮಾತ್ರ ಮನಸ್ಸು ಬೇರೆಡೆಗಿದ್ದರೂ ದೇವರಿಗೆ ಅಂಜಿ ಗುಂಡಿ ಒತ್ತಿ ಬರುತ್ತಾಳೆ. ಲಂಚಕ್ಕೆ ವಿಭೂತಿಯನ್ನು ಸಾಕ್ಷಿ ಮಾಡುವ ತಂಡದಲ್ಲಿ ನಿಮ್ಮ ಮಗನಿದ್ದರೆ ಅಂದೇ ಅವನನ್ನು ಮನೆಗೆ ಕರೆಯಿಸಿಕೊಳ್ಳಿರಿ. ಯಾರಾದರೂ ಅಂಥ ಆಣೆಗೆ ಸಿಕ್ಕಿ ಅಳುಕುತ್ತಿದ್ದರೆ ಅವರಿಗೆ ತಿಳಿಸಿ ಹೇಳಿರಿ: ಮತ ಗುಟ್ಟಿನದು, ಯಾರಿಗೆ ಹಾಕಿದೆನೆಂದು ಒಬ್ಬರಿಗೂ ಒಪ್ಪಿಸಬೇಕಾಗಿಲ್ಲ, ಲಂಚದ ಮಾತಿಗೆ ಕಟ್ಟುಬೀಳಬೇಕಾದ ಧರ್ಮ ಯಾವುದೂ ಇಲ್ಲ.

ಸಣ್ಣ ಸಂಗತಿಗಳೂ ಉಂಟು. ಗೋಡೆಗೆ ಭಿತ್ತಿಪತ್ರ ಅಂಟಿಸುವ ಮುನ್ನ ಮನೆಯವರ ಒಪ್ಪಿಗೆ ಬೇಕು. ದೀಪಾವಳಿಗೆ ಬಳಿದ ಸುಣ್ಣದ ಮೇಲೆ ಅಂಟು ಮೆತ್ತಿ ಮತ ಕೇಳಿದರೆ ಯಾರು ಕೊಟ್ಟಾರು! ಎದುರು ಪಕ್ಷದ ಮನೆಯೆಂದು ದಾಟಿ ಹೋಗಬಾರದು. ಅವರು ಬೈದರೆ ಕೇಳಿಸಿಕೊಂಡು, ಒಂದು ತಂಬಿಗೆ ನೀರು ಕುಡಿದು ಬರಬೇಕು. ಮತದಾನ ಮುಗಿಯುವ ಹೊತ್ತಿಗಿಂತ 48 ಗಂಟೆ ಮೊದಲು ಸಭೆ, ಮೆರವಣಿಗೆಗಳು ನಿಲ್ಲುತ್ತವೆ. ಆ ಮೇಲೆ ಗದ್ದಲವಿಲ್ಲದ ಮನೆಭೇಟಿಯೊಂದೇ ಉಳಿಯುವುದು. ಹಣ ಹಂಚುವವರು ಹೊರಬೀಳುವುದೂ ಆ ರಾತ್ರಿಗಳಲ್ಲಿಯೇ. ಹೆಣ್ಣುಮಕ್ಕಳನ್ನು ಅಂಥ ಹೊತ್ತಿನಲ್ಲಿ ಒಂಟಿಯಾಗಿ ಕಳುಹಿಸಬಾರದು.

ತಿರುಗುವಾಗ ಕಿಸೆಯಲ್ಲೊಂದು ವಹಿ ಇರಲಿ. ನಿಂತುಹೋದ ಪಿಂಚಣಿ, ಬಾರದ ನಲ್ಲಿ, ಮುಚ್ಚಿದ ಗಟಾರು, ಯಾವ ಮನೆಯಲ್ಲಿ ಯಾರು ಏನು ಹೇಳಿದರೋ ಅದನ್ನು ಬರೆದುಕೊಳ್ಳಲಿ. ತಮ್ಮ ಅಭ್ಯರ್ಥಿ ಗೆದ್ದರೆ ಆ ವಹಿಯನ್ನು ಅವರ ಮುಂದಿಡಬೇಕು. ಸೋತರೆ, ಗೆದ್ದವರ ಮುಂದಿಡಬೇಕು. ಊರಲ್ಲಿ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕೆಂದು ಕಾಯ್ದೆಯಿದೆ. ಅಲ್ಲಿ ಎದ್ದು ನಿಂತು ಓದಲು ಆ ವಹಿ ಒದಗುತ್ತದೆ.